ಕಡ ತಂದ ಕಣ್ಣು

"ನನ್ನದೊಂದು ಫೋಟೋ ತಗಿ. ಜೀವ ಇರೂದ್ರಾಗ ತಗಿ. ಕಣ್ಣ ತೆರದಿದ್ದು ಇರಬೇಕು, ಮತ್ತ ಆ ಕಣ್ಣ ನನ್ನವ ಇರಬೇಕು."

ಎರಡು ದಿನ ಮಗನ ಜೊತೆ ಮಾತು ಬಿಟ್ಟಿದ್ದ ಫಕೀರವ್ವ ಮೂರನೆಯ ದಿನ ಬೆಳಿಗ್ಗೆ ಬಾಯಿ ತೆರೆದದ್ದೇ ಹೀಗೆ. ರೊಟ್ಟಿ ಮುರಿಯುತ್ತಿದ್ದ ಸಿದ್ದರಾಮೇಶನ ಕೈ ಅಲ್ಲೇ ನಿಂತಿತು. ಒಲೆಯ ಮುಂದಿದ್ದ ಅವನ ಹೆಂಡತಿ ಅನ್ನಪೂರ್ಣಾ ಗಾಬರಿಯಾಗಿ, "ಬಿಡ್ತು ಅನ್ರಿ ಅತ್ತಿ, ಮುಂಜಮುಂಜಾನೆ ಎಂಥಾ ಮಾತು!" ಎಂದಳು.

"ಬಿಡ್ತು ಯಾಕ ಅನ್ನಲಿ? ನಾನೇನ ಸಾಯಾಕ ಹೊಂಟಿಲ್ಲ. ಆದ್ರ ಸತ್ತ ಮ್ಯಾಲ ನಿನ್ನ ಗಂಡ ನನಗೂ ಯಾರದಾರ ಕಣ್ಣ ಹಚ್ಚಾಂವ. ಅದಕ್ಕ ಈಗ ತಗಿಸ್ಕೋತೀನಿ."

ಬೈಗುಳ ಕೇಳಿ ಸಿದ್ದರಾಮೇಶನಿಗೆ ಇಷ್ಟು ಸಮಾಧಾನವಾದದ್ದು ಹುಟ್ಟಿದ ಮೇಲೆ ಇದೇ ಮೊದಲು. ಅವ್ವ ಮಾತಾಡಿದಳಲ್ಲ, ಅಷ್ಟು ಸಾಕು. ಫಕೀರವ್ವ ಬೈದರೆ ಅರ್ಧ ತಾಸಿನ ಮಾತು. ಸುಮ್ಮನಾದಳೆಂದರೆ ಮಾತ್ರ ಆ ಮನೆಯ ಬೆಕ್ಕು ಕೂಡ ಹಾಲಿನ ಪಾತ್ರೆಯ ಹತ್ತಿರ ಹೋಗಲು ಹೆದರುತ್ತದೆ.

ಅವಳ ಸಿಟ್ಟಿನ ಕಾರಣ ಗೋಡೆಯ ಮೇಲೇ ಇತ್ತು. ಪಡಸಾಲೆಯಲ್ಲಿ ಅವಳ ಗಂಡ ಹನಮಪ್ಪ ಆರು ವರ್ಷದಿಂದ ತಲೆಗೆ ಪಟಗಾ ಸುತ್ತಿಕೊಂಡು, ಹಣೆತುಂಬ ವಿಭೂತಿ ಹಚ್ಚಿಕೊಂಡು ಚೌಕಟ್ಟಿನಲ್ಲಿ ಕುಳಿತಿದ್ದಾನೆ. ಪಟಗಾ ಅವನದು, ಮೀಸೆ ಅವನದು, ಗದ್ದದ ಮೇಲಿನ ಗಾಯದ ಕಲೆಯೂ ಅವನದೇ. ಕಣ್ಣು ಮಾತ್ರ ನರಗುಂದದ ಕಾಳಿನ ಪೇಟೆಯಲ್ಲಿ ಹಮಾಲಿ ಮಾಡುವ ಮೈನುದ್ದೀನನವು.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಆ ಕಡೆಯ ಫೋಟೋ ಸ್ಟುಡಿಯೋದವರ ಒಂದು ಕೆಲಸದ ಬಗ್ಗೆ ಹೇಳಬೇಕು. ಫಕೀರವ್ವನ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜಳಕ ಮಾಡಿಸಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಕೂತಂತೆಯೇ ಮಣ್ಣು ಮಾಡುತ್ತಾರೆ. ಬದುಕಿದ್ದಾಗ ಫೋಟೋ ಎಂದರೆ 'ನಾಳೆ ನೋಡೂಣು' ಎಂದು ಹೊಲದ ದಾರಿ ಹಿಡಿದ ಹಿರಿಯರೇ ಹೆಚ್ಚು. ಅಂಥವರು ಕ್ಯಾಮೆರಾದ ಮುಂದೆ ಅಲುಗಾಡದೆ ಕೂರುವುದು ಆ ಒಂದು ದಿನ ಮಾತ್ರ. ಸ್ಟುಡಿಯೋದವನಿಗೆ ಕರೆ ಬರುತ್ತದೆ. ಅವನು ಫೋಟೋ ತೆಗೆದುಕೊಂಡು ಹೋಗಿ, ಕಂಪ್ಯೂಟರಿನಲ್ಲಿ ಮುಚ್ಚಿದ ಕಣ್ಣಿನ ಮೇಲೆ ಬೇರೆ ಯಾರದೋ ತೆರೆದ ಕಣ್ಣು ಕೂರಿಸಿ, ಚೌಕಟ್ಟು ಹಾಕಿ ಪೂಜೆಗೆ ಕೊಡುತ್ತಾನೆ. 'ಕಣ್ಣ ಬಿಡಿಸಿ ಕೊಡ್ರಿ' ಎಂದೇ ಜನ ಕೇಳುವುದು. ನರಗುಂದದಲ್ಲಿ ಸ್ಟುಡಿಯೋ ಇಟ್ಟ ಸಿದ್ದರಾಮೇಶ ಹದಿನೆಂಟು ವರ್ಷದಲ್ಲಿ ಹೀಗೆ ಎಷ್ಟು ಜನರ ಕಣ್ಣು ಬಿಡಿಸಿದ್ದಾನೋ ಅವನಿಗೇ ನೆನಪಿಲ್ಲ. ಯಾರ ಮನೆಯ ಅಜ್ಜ ಯಾರ ಕಣ್ಣಿನಿಂದ ನೋಡುತ್ತಿದ್ದಾನೆಂಬುದು ಅವನೊಬ್ಬನಿಗೆ ಗೊತ್ತಿದ್ದ ಗುಟ್ಟು. ಒಬ್ಬ ಮಾಸ್ತರರ ಕಣ್ಣಂತೂ ಏಳು ಮನೆಗಳ ಗೋಡೆಯ ಮೇಲಿವೆ. ಆ ಮಾಸ್ತರರು ಈಗಲೂ ಗಟ್ಟಿಮುಟ್ಟಾಗಿ ಸೈಕಲ್ ಹೊಡೆಯುತ್ತಾ ತಿರುಗುತ್ತಿದ್ದಾರೆ.

ಹನಮಪ್ಪನ ಫೋಟೋಗಳು ಮೊದಲು ಇದ್ದವು. ಅವರ ಊರಾದ ಮೆಣಸಗಿಯ ಮನೆಯ ಟ್ರಂಕಿನಲ್ಲಿ, ಮದುವೆಯದು, ಮಗನ ಜವಳದ್ದು, ಎತ್ತು ಕೊಂಡಾಗಿನದು. ಮಲಪ್ರಭೆ ಉಕ್ಕಿ ಊರೊಳಗೆ ಬಂದ ವರ್ಷ ಆ ಟ್ರಂಕು ನಾಲ್ಕು ದಿನ ನೀರಿನಲ್ಲಿತ್ತು. ತೆರೆದು ನೋಡಿದರೆ ಎಲ್ಲವೂ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. "ಹೋಗ್ಲಿ ಬಿಡು, ಮಂದಿ ಉಳದೇವಲ್ಲ. ಮತ್ತ ತಗದ್ರಾತು" ಎಂದಿದ್ದ ಹನಮಪ್ಪ. ಅದೇ ಚಳಿಗಾಲದಲ್ಲಿ ಎದೆನೋವು ಬಂದು ತೀರಿಕೊಂಡ. ಕಂಡವರ ಮದುವೆಗೆಲ್ಲ ಕ್ಯಾಮೆರಾ ಹೊತ್ತು ತಿರುಗುವ ಮಗ ಅಪ್ಪನ ಎದುರು ಒಂದು ಸಲವೂ ಅದನ್ನು ಎತ್ತಿರಲಿಲ್ಲ. ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿದರೆ ಅಪ್ಪ ಹೋಗಿ ಚುಕ್ಕೆಗಳು ಉಳಿದವು. ಕಡೆಗೆ ಗೋಡೆಗೆ ಆನಿಸಿ ಕೂರಿಸಿದ ಅಪ್ಪನ ಮುಂದೆಯೇ ಕ್ಯಾಮೆರಾ ಹಿಡಿಯಬೇಕಾಯಿತು.

ಮರುದಿನ ಸ್ಟುಡಿಯೋದಲ್ಲಿ ಕುಳಿತು ಮೊದಲು ತನ್ನ ಕಣ್ಣನ್ನೇ ಇಟ್ಟು ನೋಡಿದ. ಅವನವು ಅವ್ವನ ಕಣ್ಣು, ಉದ್ದನೆಯವು, ಹೊಂದಲಿಲ್ಲ. ಹಮಾಲರ ಗುರುತಿನ ಚೀಟಿಗೆಂದು ತೆಗೆದಿದ್ದ ಮೈನುದ್ದೀನನ ಫೋಟೋ ಕಂಪ್ಯೂಟರಿನಲ್ಲಿ ಎದುರಿಗೇ ಇತ್ತು. ಇಟ್ಟರೆ ಅಳತೆ ತೆಗೆದು ಹೊಲಿದಂತೆ ಕೂತವು. ಕಣ್ಣೀರು ಒರೆಸಿಕೊಳ್ಳುತ್ತಾ ಪ್ರಿಂಟ್ ತೆಗೆದ. ಯಾರಿಗೂ ಹೇಳಲಿಲ್ಲ.

ಹೇಳದಿದ್ದರೂ ನಡೆದುಹೋಗುತ್ತಿತ್ತೇನೋ. ಆದರೆ ಮೊನ್ನೆ ಮೈನುದ್ದೀನ ತನ್ನ ಮಗಳು ಜುಲೇಖಾಳ ಮದುವೆ ಕಾರ್ಡು ಕೊಡಲು ಬಂದು, ಎಲ್ಲ ಬಿಟ್ಟು ಸರಿಯಾಗಿ ಹನಮಪ್ಪನ ಫೋಟೋದ ಕೆಳಗೇ ಕುಳಿತ. ಫಕೀರವ್ವ ಚಹಾ ತಂದಳು. ಕೆಳಗೆ ನೋಡಿದಳು. ಮೇಲೆ ನೋಡಿದಳು. ಮತ್ತೆ ಕೆಳಗೆ ನೋಡಿದಳು. ಬಂದವನಿಗೆ ಏನೂ ಅನ್ನಲಿಲ್ಲ. ಅವನು ಹೋದ ಮೇಲೆ, "ಖರೇ ಹೇಳ" ಎಂದು ಮಗನನ್ನು ಹಿಡಿದು ನಿಲ್ಲಿಸಿದಳು. ಅವನು ಹೇಳಿದ. ಆಮೇಲಿನ ಎರಡು ದಿನ ಫೋಟೋಕ್ಕೆ ವಿಭೂತಿ ಇಲ್ಲ, ಮಗನಿಗೆ ಮಾತಿಲ್ಲ.

ಮುದುಕಿಯದೊಂದು ಫೋಟೋ ತೆಗೆಯುವುದು ಏನು ಮಹಾ ಎಂದು ನಿಮಗೆ ಅನಿಸಬಹುದು. ಫಕೀರವ್ವನ ವಿಷಯದಲ್ಲಿ ಅದು ಮಹಾ ಕೆಲಸವೇ. ಐವತ್ತು ವರ್ಷ ಒಲೆಯ ಹೊಗೆ ಕುಡಿದ ಕಣ್ಣು ಅವು. ಫ್ಲ್ಯಾಶ್ ಬಿದ್ದರೆ ನೀರು ಸುರಿಯುತ್ತದೆ. ಬೀಳುವ ಮೊದಲೇ ಹೆದರಿ ಮುಚ್ಚಿಕೊಳ್ಳುತ್ತವೆ. ರೇಷನ್ ಕಾರ್ಡಿನಲ್ಲಿ ಅವಳು ನಿದ್ದೆ ಮಾಡುತ್ತಿದ್ದಾಳೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿಯೂ ನಿದ್ದೆ ಮಾಡುತ್ತಿದ್ದಾಳೆ. "ಫ್ಲ್ಯಾಶ್ ಬ್ಯಾಡ. ಹೊರಗ, ದೇವರ ಬೆಳಕಿನ್ಯಾಗ ತಗಿ" ಎಂದು ಅವಳೇ ಅಪ್ಪಣೆ ಕೊಟ್ಟಳು.

ಮೊದಲ ದಿನ ನಡುಮಧ್ಯಾಹ್ನ ಅಂಗಳದಲ್ಲಿ ಕುರ್ಚಿ ಹಾಕಿದರು. ಹಸಿರು ಇಲಕಲ್ ಸೀರೆ ಉಟ್ಟು, ಸೆರಗು ಹೊದ್ದು, ಪಂಚಾಯಿತಿಗೆ ಬಂದವಳಂತೆ ಫಕೀರವ್ವ ಕುಳಿತಳು. ಸಿದ್ದರಾಮೇಶ ಕಲ್ಯಾಣ ಮಂಟಪದ ಮನುಷ್ಯ. ಅವನಿಗೆ ಬೆಳಕೆಂದರೆ ಗುಂಡಿ ಒತ್ತಿದರೆ ಹತ್ತಬೇಕು, ಸರಿಸಿದರೆ ಸರಿಯಬೇಕು. ನೆತ್ತಿಯ ಮೇಲಿನ ಸೂರ್ಯ ಅವನ ಮಾತು ಕೇಳಲಿಲ್ಲ. ಮುಖದ ಅರ್ಧ ಸುಣ್ಣವಾಯಿತು, ಅರ್ಧ ಇದ್ದಿಲಾಯಿತು.

"ಯವ್ವಾ, ಕಣ್ಣ ತಗಿ."

"ತಗದೇನಲ್ಲೋ!"

"ಮುಚ್ಚೀದಿ ನೀ."

"ನಾ ಮುಚ್ಚಿಲ್ಲ, ಬಿಸಲ ಮುಚ್ಚೈತಿ. ಮೊದಲ ಅದನ್ನ ಅತ್ತಾಗ ಸರಸು."

ಎರಡನೆಯ ದಿನ ಬೇಗ ಸ್ಟುಡಿಯೋ ಮುಚ್ಚಿ ಬಂದು, ಸಂಜೆ ಮನೆಯ ಹಿಂದಿನ ಬೇವಿನ ಮರದ ಕೆಳಗೆ ಕೂರಿಸಿದ. ಬೆಳಕು ಮೆತ್ತಗಿತ್ತು, ಎಲ್ಲ ಚೆನ್ನಾಗಿತ್ತು. ಆದರೆ 'ರೆಡಿ' ಎಂದ ಕೂಡಲೆ ಅವ್ವ ಸೂಜಿ ಚುಚ್ಚಿಸಿಕೊಳ್ಳುವವಳಂತೆ ಮೈ ಬಿಗಿಹಿಡಿದು ಕಣ್ಣು ಮುಚ್ಚುತ್ತಿದ್ದಳು. ರೆಡಿ ಅನ್ನುವುದನ್ನು ಬಿಟ್ಟ. ಕ್ಯಾಮೆರಾ ಏರಿದ್ದು ಕಂಡೇ ಮುಚ್ಚಿದಳು. ನಲವತ್ತು ಫೋಟೋ ತೆಗೆದ, ನಲವತ್ತರಲ್ಲೂ ನಿದ್ದೆ. ಅನ್ನಪೂರ್ಣಾ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಫಕೀರವ್ವ ನಗಲಿಲ್ಲ. ಕ್ಯಾಮೆರಾದ ಹಿಂಬದಿಯ ಚಿತ್ರಗಳನ್ನು ಒಂದೊಂದಾಗಿ ನೋಡಿ, ಸಣ್ಣ ದನಿಯಲ್ಲಿ ಕೇಳಿದಳು.

"ಸಿದ್ದೂ, ನಿಮ್ಮಪ್ಪನ ಕಣ್ಣ ಹ್ಯಾಂಗಿದ್ವು ಹೇಳ ನೋಡೂಣು?"

ಅವನು ಬಾಯಿ ತೆರೆದ. ಅಪ್ಪನ ನಡಿಗೆ ನೆನಪಾಯಿತು, ಕೆಮ್ಮು ನೆನಪಾಯಿತು. ಕಣ್ಣು ನೆನೆಸಿಕೊಳ್ಳಲು ಹೋದರೆ ಗೋಡೆಯ ಮೇಲಿನ ಕಣ್ಣೇ ಎದುರು ಬಂದು ನಿಂತವು.

"ನನಗೂ ಅದ ಕಾಣತಾವ" ಎಂದಳು ಅವಳು. "ನಲವತ್ತೆರಡ ವರ್ಷ ನೋಡಿದ್ದು ಆರ ವರ್ಷದಾಗ ಅಳಿಸಿ ಹೋತು. ದಿನಾ ಹಣಿಗೆ ವಿಭೂತಿ ಹಚ್ಚೂಮುಂದ ನೋಡಿ ನೋಡಿ, ಇವ ಅವರ ಕಣ್ಣು ಅಂತ ಮನಸಿಗೆ ಒಪ್ಪಿಸಿಬಿಟ್ಟೇನಿ. ನಿನಗ ಬೈದೇನ ಮಾಡಲಿ? ನೀನರ ಅಳಕೋತ ಮಾಡಿದ್ದು ಅದು. ಆದ್ರ ಅವರ ಕಣ್ಣ ನನಗ ಬೇಕಲ್ಲೋ ತಮ್ಮಾ. ಎಲ್ಲಿಂದ ತರಲಿ?"

ಅವ್ವ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೇರೆಯವರ ಮನೆಗೆ ಎಷ್ಟು ಕಣ್ಣು ಕೊಟ್ಟರೂ ಒಂದು ದಿನವೂ ಅಳುಕದ ಸಿದ್ದರಾಮೇಶನಿಗೆ, ತಾನು ಅಪ್ಪನಿಗೆ ಕಣ್ಣು ಕೊಟ್ಟದ್ದಲ್ಲ, ಅವ್ವನಿಂದ ಅಪ್ಪನ ಕಣ್ಣು ಕಸಿದದ್ದು ಎಂದು ಅವತ್ತು ಹೊಳೆಯಿತು. ಊಟ ಸೇರಲಿಲ್ಲ. ಬೆಳಗಾಗುವುದರೊಳಗೆ ಒಂದು ತೀರ್ಮಾನಕ್ಕೆ ಬಂದಿದ್ದ: ಅಪ್ಪನ ಕಣ್ಣನ್ನು ವರ್ಷಗಟ್ಟಲೆ ಎದುರಿನಿಂದ ನೋಡಿದ ಇನ್ನೊಬ್ಬ ಮನುಷ್ಯ ಇದ್ದಾನೆ. ನಾಚಿಕೆ ಬಿಟ್ಟು ಅವನನ್ನೇ ಕೇಳಬೇಕು.

ಮೈನುದ್ದೀನ ಪೇಟೆಯಲ್ಲಿ ಕಡಲೆ ಚೀಲದ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಮೂವತ್ತು ವರ್ಷ ಹನಮಪ್ಪನ ಕಾಳು ಪೇಟೆಗೆ ಬಂದಾಗೆಲ್ಲ ಇಳಿಸಿದ್ದು ಅವನೇ; ಇಳಿಸಿದ ಮೇಲೆ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಸಿದ್ದರಾಮೇಶ ತಲೆ ತಗ್ಗಿಸಿಕೊಂಡು ನಡೆದದ್ದೆಲ್ಲ ಹೇಳಿದ. ಮೈನುದ್ದೀನ ಕಪ್ಪು ಕೆಳಗಿಟ್ಟ.

"ಅಂದ್ರ, ಆರ ವರ್ಷದಿಂದ ಅಕ್ಕಾರು ನನ್ನ ಕಣ್ಣಿಗೆ ಆರತಿ ಬೆಳಗಾಕತ್ತಾರ?"

"ತಪ್ಪಾತ್ರಿ ಕಾಕಾ."

"ಅದಕ್ಕ ನೋಡು! ನಿಮ್ಮನಿಗೆ ಬಂದಾಗೊಮ್ಮೆ ಅಣ್ಣಾರು ನನ್ನ ಯಾಕೋ ದುರುಗುಟ್ಟಿ ನೋಡಾಕತ್ತಂಗ ಅನಸ್ತಿತ್ತು." ಮೈನುದ್ದೀನನ ಭುಜ ಅಲುಗಾಡಿದವು. ನಗುತ್ತಿದ್ದಾನೆಂದು ತಿಳಿಯಲು ಸಿದ್ದರಾಮೇಶನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ನಮ್ಮನಿಯಾಕಿ ಮುಂದ ಹೇಳಬ್ಯಾಡಪಾ ಇದನ್ನ. ಆಕಿ ಒಂದ ದಿನಾನೂ ಈ ಕಣ್ಣಿಗೆ ಚಲೋ ಅಂದಿಲ್ಲ." ನಕ್ಕು ನಕ್ಕು, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. ಒರೆಸಿಕೊಂಡ ಮೇಲೂ ಕಣ್ಣು ಒದ್ದೆಯಾಗಿದ್ದವು. "ತಪ್ಪ ಯಾಕೋ ಹುಚ್ಚಾ? ನಿಮ್ಮಪ್ಪನ ಮಾರಿ ಮ್ಯಾಲ ನನಗ ಇಷ್ಟ ಜಾಗಾ ಸಿಕ್ತಲ್ಲ. ಯಾರಿಗೆ ಸಿಗತೈತಿ?"

ಅಪ್ಪನ ಕಣ್ಣು ಹೇಗಿದ್ದವೆಂದು ಮಾತ್ರ ಅವನು ಅಲ್ಲಿ ಹೇಳಲಿಲ್ಲ. "ಅದನ್ನ ಅಕ್ಕಾರ ಮುಂದನ ಹೇಳಬೇಕು. ಐತವಾರ ಪೇಟಿ ಸೂಟಿ, ಬರ್ತೀನಿ" ಎಂದ.

ಭಾನುವಾರ ಬೆಳಿಗ್ಗೆ ಮನೆಯ ಮೂವರೂ ಹೊಲಕ್ಕೆ ಹೋದರು. ಅಂಗಳ ಬೇಡ, ಬೇವಿನ ಗಿಡವೂ ಬೇಡ, ಗಂಡನ ಜೊತೆ ಬುತ್ತಿ ಉಂಡ ಬದುವಿನ ಮೇಲೆ ಕೂರುತ್ತೇನೆ ಎಂದು ಫಕೀರವ್ವನದೇ ಹಟ. ಬನ್ನಿ ಗಿಡದ ನೆರಳಿನಲ್ಲಿ ಅವಳು ಕುಳಿತಳು. ಬಿಸಿಲು ಇನ್ನೂ ಎಳೆಯದು. ಆದರೂ ಸಿದ್ದರಾಮೇಶ ಕ್ಯಾಮೆರಾದಲ್ಲಿ ನೋಡಿದರೆ ಅವ್ವನ ಮುಖ ಕಪ್ಪು. ಸುತ್ತಲಿನ ಕರಿಯ ಎರೆಮಣ್ಣು ಬಿದ್ದ ಬೆಳಕನ್ನೆಲ್ಲ ನುಂಗಿ ಕೂತಿತ್ತು. ಬೆಳಕನ್ನು ಮುಖಕ್ಕೆ ತಿರುಗಿಸುವ ಸ್ಟುಡಿಯೋದ ಬೆಳ್ಳಿ ಹಾಳೆಯ ತಟ್ಟೆ ತರಬೇಕಿತ್ತು ಎಂದು ತನ್ನನ್ನೇ ಬೈದುಕೊಂಡ.

ಅಷ್ಟರಲ್ಲಿ ಅನ್ನಪೂರ್ಣಾ ಬುತ್ತಿಗಂಟು ಬಿಚ್ಚಿದಳು. ರೊಟ್ಟಿ ಕಟ್ಟಿ ತಂದದ್ದು ಮಾವನ ಹಳೆಯ ಧೋತರದಲ್ಲಿ. ಒಗೆದು ಒಗೆದು ಹಾಲಿನಂತೆ ಬೆಳ್ಳಗಾಗಿದ್ದ ಅದನ್ನು ನೆರಳಿನ ಅಂಚಿನಲ್ಲಿ, ಅತ್ತೆಯ ಮುಂದೆ ಅಗಲವಾಗಿ ಹಾಸಿದಳು. ಬಿಸಿಲು ಧೋತರಕ್ಕೆ ಬಿದ್ದು ಅಲ್ಲಿಂದ ಎದ್ದು ಫಕೀರವ್ವನ ಮುಖಕ್ಕೆ ಬಂತು. ಗಲ್ಲದ ಗೆರೆಗಳು, ಹಣೆಯ ಹಚ್ಚೆ, ಮೂಗುತಿಯ ತೂತು, ಎಲ್ಲ ಒಮ್ಮೆಲೇ ಕಂಡವು. ಸಿದ್ದರಾಮೇಶ ಕ್ಯಾಮೆರಾ ಕೆಳಗಿಳಿಸಿ ಬರಿಗಣ್ಣಿನಿಂದ ನೋಡಿದ. ನಲವತ್ತು ವರ್ಷದಲ್ಲಿ ಅವ್ವನ ಮುಖವನ್ನು ತಾನು ಹೀಗೆ ನಿಂತು ನೋಡಿಯೇ ಇರಲಿಲ್ಲ. ಇನ್ನೂ ನೋಡಲು ಸಿಕ್ಕಿದೆಯಲ್ಲ ಎಂದು ಎದೆ ತುಂಬಿತು.

"ಅನ್ನಪೂರ್ಣಾ, ಅದನ್ನ ತಗೀಬ್ಯಾಡ. ಹಂಗ ಇರ್ಲಿ."

"ರೊಟ್ಟಿ?"

"ರೊಟ್ಟಿ ಕೈಯಾಗ ಹಿಡಕೋ."

ಬದುವಿನ ಮೇಲೆ ಮೈನುದ್ದೀನ ಬರುವುದು ಕಂಡಿತು. ಕ್ಯಾಮೆರಾದ ಪಕ್ಕದಲ್ಲೇ, ಫಕೀರವ್ವನ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಮೈನೂ, ನಿನ್ನ ಕಣ್ಣಿಗೆ ಆರ ವರ್ಷ ಭಾಳ ತ್ರಾಸ ಕೊಟ್ಟೇನಿ" ಎಂದಳು ಅವಳು. "ಮಣಕಾಲ ನೋವು, ಸೊಸಿ ಉಪ್ಪ ಜಾಸ್ತಿ ಹಾಕಿದ್ದು, ಎಲ್ಲಾ ಅದರ ಮುಂದನ ಹೇಳೇನಿ. ಪಿಟಕ್ ಅನ್ನಲಿಲ್ಲ, ಎಲ್ಲಾ ಕೇಳ್ತು. ನಿನ್ನ ಉಪಕಾರ ದೊಡ್ಡದು."

"ಉಪ್ಪಿನ ಸುದ್ದೀನೂ ಹೇಳೀರೇನ್ರಿ?" ಎಂದು ಅನ್ನಪೂರ್ಣಾ ರೊಟ್ಟಿ ಹಿಡಿದುಕೊಂಡೇ ಕೇಳಿದಳು.

"ಅಣ್ಣಾರ ಎಡಗಣ್ಣ ಸಣ್ಣದಿತ್ರಿ ಅಕ್ಕಾರ" ಎಂದು ಮೈನುದ್ದೀನ ಶುರುಮಾಡಿದ. "ಬಲಗಣ್ಣಿಗಿಂತ ಒಂದ ಜ್ವಾಳದ ಕಾಳಿನಷ್ಟು ಸಣ್ಣದು. ಬಣ್ಣಾನೂ ಪೂರಾ ಕರಿ ಅಲ್ಲ. ನೆರಳಾಗ ಕರಿ ಕಾಣತಿತ್ತು, ಬಿಸಲಿಗೆ ಬಂದು ನಿಂತರ ಬೆಲ್ಲದ ಬಣ್ಣ."

ಫಕೀರವ್ವ ಕೂತಲ್ಲೇ ಮುಂದಕ್ಕೆ ಬಾಗಿದಳು.

"ಮತ್ತ ನಗಿ ಬಂದ್ರ, ಆ ಎಡಗಣ್ಣ ಪೂರಾ ಮುಚ್ಚಿಬಿಡತಿತ್ತು. ಬಲಗಣ್ಣ ತೆರದ ಇರತಿತ್ತು. ನಗೂದು ಒಂದ, ನೋಡೂದು ಒಂದ. ಹಿಂಗ ನೋಡ್ರಿ" ಎಂದು ಮೈನುದ್ದೀನ ಕತ್ತು ಸ್ವಲ್ಪ ವಾಲಿಸಿ, ಎಡಗಣ್ಣು ಮುಚ್ಚಿ, ಮೀಸೆಯ ಒಂದು ತುದಿ ಏರಿಸಿ ನಕ್ಕ.

ಸಿದ್ದರಾಮೇಶ ಕ್ಯಾಮೆರಾದಿಂದ ತಲೆ ಎತ್ತಿದ. ಆ ಮುಖ ಮೈನುದ್ದೀನನದೇ, ಆದರೆ ನಕ್ಕದ್ದು ಅಪ್ಪ.

ಫಕೀರವ್ವನ ಕೈ ಬಾಯಿಗೆ ಹೋಯಿತು. "ಹೌದು. ಹೌದೋ ಮೈನೂ! ನನ್ನ ನೋಡಾಕ ಬಂದ ದಿನಾನೂ ಹಿಂಗ ಮಾಡಿದ್ರು. ಹಿರೇರೆಲ್ಲಾ ಕುಂತಾರ, ನಾ ನೀರಿನ ತಂಬಿಗಿ ಇಟ್ಟ ತಲಿ ಎತ್ತೀನಿ, ಒಂದ ಕಣ್ಣ ಮುಚ್ಚಿ ನಗಾಕತ್ತಾರ! ಇಂವ ಕಣ್ಣ ಹೊಡಿಯಾಂವ, ಇಂವನ್ನ ನಾ ಒಲ್ಲೆ ಅಂತ ಒಳಗ ಹೋಗಿ ನಮ್ಮವ್ವನ ಮುಂದ ಅತ್ತಿದ್ದೆ. ಮದುವಿ ಆಗಿ ತಿಂಗಳ ಮ್ಯಾಲ ಗೊತ್ತಾತು, ಅವರ ನಗೀನ ಹಂಗ ಅಂತ."

ಹೇಳುತ್ತಾ ಹೇಳುತ್ತಾ ಅವಳು ನಕ್ಕಳು. ಕೈ ಕೆಳಗಿಳಿಯಿತು, ಸೆರಗು ಜಾರಿತು, ಯಾವುದರ ಪರಿವೆಯೂ ಇರಲಿಲ್ಲ. ಮೈನುದ್ದೀನನನ್ನು ದಾಟಿ ಆಚೆಗೆ ಯಾರನ್ನೋ ನೋಡುತ್ತಿದ್ದಳು. ಕಣ್ಣು ಎರಡೂ ತುಂಬಿ, ಎರಡೂ ಅಗಲವಾಗಿ ತೆರೆದಿದ್ದವು. ಸಿದ್ದರಾಮೇಶ ಗುಂಡಿ ಒತ್ತಿದ. ಮತ್ತೆ ಒತ್ತಿದ. ಆ ಸದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಆಮೇಲೆ ಅವನು ಕ್ಯಾಮೆರಾ ಬದುವಿನ ಮೇಲಿಟ್ಟು ಮೈನುದ್ದೀನನ ಕಾಲು ಮುಟ್ಟಲು ಬಗ್ಗಿದ. "ಏ, ಏಳಪಾ! ರೊಟ್ಟಿ ತಣ್ಣಗಾಗ್ಯಾವ" ಎಂದು ಮೈನುದ್ದೀನ ರಟ್ಟೆ ಹಿಡಿದು ಎಬ್ಬಿಸಿದ. ನಾಲ್ವರೂ ಅದೇ ಧೋತರದ ಸುತ್ತ ಕುಳಿತು ಉಂಡರು.

ಮರುದಿನ ಸಂಜೆ ಸಿದ್ದರಾಮೇಶ ಫೋಟೋ ತಂದು ಅವ್ವನ ಕೈಗೆ ಕೊಟ್ಟ. ಒಂದು ಗೆರೆಯನ್ನೂ ಅಳಿಸಿರಲಿಲ್ಲ, ಬಣ್ಣ ತಿದ್ದಿರಲಿಲ್ಲ. ಫಕೀರವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ನನ್ನವ ಅದಾವ" ಎಂದಳು,  "ಚಲೋ ಅದಾವ."

ಅವನಿಗೆ ಧೈರ್ಯ ಬಂತು. "ಅಪ್ಪನ ಫೋಟೋನೂ ಈಗ ಬರೊಬ್ಬರಿ ಮಾಡ್ತೀನಿ ಯವ್ವಾ. ಎಡಗಣ್ಣ ಸಣ್ಣದು ಮಾಡಿ, ಬೆಲ್ಲದ ಬಣ್ಣ ಹಾಕಿದ್ರ ಅವನ ಬಂದ ಕುಂತಂಗ ಆಕ್ಕೈತಿ."

"ಮುಟ್ಟಬ್ಯಾಡ."

ಫಕೀರವ್ವ ಗೋಡೆಯ ಕಡೆ ನೋಡಿದಳು.

"ಅವತ್ತ ನೀ ತಗದಿದ್ದು ಐತೇನು? ಕಣ್ಣ ಮುಚ್ಚಿದ್ದು?"

"ಐತಿ."

"ಅದನ್ನ ಹಾಕು. ಮುಚ್ಚಿದ್ರೂ ಅವರವ. ಒಳಗ ಹ್ಯಾಂಗದಾವ ಅನ್ನೂದು ನನಗ ಗೊತ್ತೈತಿ."

ಜುಲೇಖಾಳ ಮದುವೆಯ ಹಿಂದಿನ ದಿನ ಹೊಸ ಚೌಕಟ್ಟು ಬಂತು. ಸಿದ್ದರಾಮೇಶ ಸ್ಟೂಲು ಹತ್ತಿ ಅದನ್ನು ಮೊಳೆಗೆ ಹಾಕಿ, ಸೊಟ್ಟಗಿದೆಯೇ ಎಂದು ಎರಡು ಸಲ ನೋಡಿ ಕೆಳಗಿಳಿದ. ಫಕೀರವ್ವ ವಿಭೂತಿಯ ಬಟ್ಟಲು ತಂದಳು. ಮೂರು ಬೆರಳು ಅದ್ದಿ ಗಂಡನ ಹಣೆಗೆ ಹಚ್ಚಿದಳು. ಆಮೇಲೆ ಆ ಬೆರಳುಗಳನ್ನು ಒರೆಸಿಕೊಳ್ಳದೆ ಮಗನ ಕಡೆ ತಿರುಗಿದಳು. ಅವಳ ಕೈ ನಿಲುಕಲೆಂದು ಸಿದ್ದರಾಮೇಶ ಬಗ್ಗಿ ನಿಂತು, ಕಣ್ಣು ಮುಚ್ಚಿಕೊಂಡ.